ವಿಡಿಯೋದಲ್ಲಿ ಬೇರೆಯೇ ಟೀಚರ್

ಪಾಠವನ್ನು ವಿಡಿಯೋ ಮಾಡಿ ಮನೆಗೆ ಕಳಿಸಿ, ತರಗತಿಯಲ್ಲಿ ಲೆಕ್ಕ ಮಾಡಿಸುವ ಕ್ರಮವನ್ನು ನಾನು ಶಿಕ್ಷಕರಿಗೆ ಹೇಳಿಕೊಡುತ್ತಿದ್ದೆ. ಕಾವೂರಿನಲ್ಲೋ ದೇರೆಬೈಲಿನಲ್ಲೋ, ಈಗ ಖಚಿತವಿಲ್ಲ, ಒಬ್ಬ ಗಣಿತದ ಟೀಚರ್ ಇದನ್ನು ಬಿಟ್ಟೇಬಿಡುವುದರಲ್ಲಿದ್ದರು. ಅವರ ಭಿನ್ನರಾಶಿಯ ವಿಡಿಯೋ ಮಕ್ಕಳಿಗೆ ಅರ್ಥವಾಗಿರಲಿಲ್ಲ. ಕ್ರಮವೇ ಸರಿಯಿಲ್ಲವೇನೋ ಎಂದು ನನಗೂ ಅನುಮಾನ. ಮಕ್ಕಳನ್ನೇ ಕೇಳಿದೆ.

"ಅದ್ರಲ್ಲಿ ಟೀಚರ್ ವಾರ್ತೆ ಓದಿದ ಹಾಗೆ ಮಾತಾಡ್ತಾರೆ ಸರ್. ಕ್ಲಾಸಲ್ಲಾದ್ರೆ ತುಳುವಲ್ಲಿ ಹೇಳ್ತಾರೆ," ಎಂದಳು ಒಬ್ಬಳು.

"ಮನೆಯವರೂ ನೋಡ್ತಾರಲ್ಲ ಸರ್, ಎಂತ ಹೇಳಿಯಾರು?" ಎಂದರು ಟೀಚರ್.

"ಅವರು ಮಾತಾಡುದೂ ತುಳುವೇ ಅಲ್ವಾ ಮಾರಾಯ್ರೆ?" ಎಂದೆ ನಾನು.

ಮುಂದಿನ ವಿಡಿಯೋದಲ್ಲಿ ಅವರು ನೀರುದೋಸೆಯನ್ನು ಕಾಲುಭಾಗಕ್ಕೆ ಮಡಚುತ್ತಾ ತುಳುವಿನಲ್ಲೇ ವಿವರಿಸಿದರು. ಮರುದಿನ ಮಕ್ಕಳು ತರಗತಿಗೆ ಬಂದವರೇ ಲೆಕ್ಕಕ್ಕೆ ಕೂತರು.

"ಇನ್ನೊಂದು ಮಾಡ್ತೇನೆ ಸರ್," ಎಂದರು ಟೀಚರ್. "ಒಬ್ಬಳ ಅಜ್ಜಿ ಮುಂದಿನದು ಯಾವಾಗ ಅಂತ ಕೇಳಿದ್ರಂತೆ."