ಥ್ರೆಡ್ ಕೆಡಿಸಿದವರು ಯಾರು

ನವನಗರದ ನಮ್ಮ ಮನೆ ಮುಂದೆ ಕಾರಿನ ಸ್ಪಾರ್ಕ್ ಪ್ಲಗ್ಗನ್ನು ಸೊಟ್ಟಗೆ ಕೂರಿಸಿ, ಜೋರಾಗಿ ಬಿಗಿದು ಎಂಜಿನ್ನಿನ ಥ್ರೆಡ್, ಅಂದರೆ ಪ್ಲಗ್ ತಿರುಗಿ ಕೂರುವ ತಿರುಪಿನ ಗೀರು, ಕೆಡಿಸಿದವನು ನಾನೇ. ಅದನ್ನು ಸರಿಮಾಡಲು ಹಿರಿಯ ಮೆಕ್ಯಾನಿಕ್ ದಾದಾಪೀರ ಕಾಕಾ ಮನೆಗೇ ಬಂದರು.

“ಯಾರ್ರೀ ಹಿಂಗ ಹಾಳು ಮಾಡಿದಾಂವ?” ಎಂದು ಕೇಳಿದರು.

ನನಗೆ ನಾಚಿಕೆಯಾಯಿತು. “ಹೋದ ತಿಂಗಳ ನಿಮ್ಮ ಶಿಷ್ಯ ಸಲೀಮನೇ ಸರ್ವಿಸ್ ಮಾಡಿದ್ದರಿ ಕಾಕಾ,” ಎಂದೆ.

ಕಾಕಾ ಲೋಹದ ಚೂರು ಒಳಗೆ ಬೀಳದಂತೆ ತಿರುಪು ಕೊರೆಯುವ ಟ್ಯಾಪ್ ಎಂಬ ಉಪಕರಣಕ್ಕೆ ಗ್ರೀಸ್ ಹಚ್ಚಿ, ನಿಧಾನವಾಗಿ ಹೊಸ ಥ್ರೆಡ್ ಕೊರೆದು, ಅದರೊಳಗೆ ಪ್ಲಗ್ ಹಿಡಿಯುವ ಸ್ಟೀಲಿನ ಬುಷ್ ಎಂಬ ಸಣ್ಣ ಕೊಳವೆ ಕೂರಿಸಿದರು. ಎಂಜಿನ್ ಮೊದಲಿನಂತೆ ಓಡಿತು. ನಿಜ ಹೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಮರುದಿನ ಸಲೀಮ ಬಾಗಿಲಿಗೆ ಬಂದ. ನಲವತ್ತು ದಾಟಿದ ಮನುಷ್ಯ, ಮುಖ ಬಾಡಿತ್ತು.

“ನನಗ ನೆನಪಾಗವಲ್ದ್ರಿ ಸರ. ಆದ್ರ ಕಾಕಾ ಹೇಳ್ಯಾರ ಅಂದ್ರ ನನ್ನಿಂದನ ತಪ್ಪಾಗಿರಬೇಕು. ಕ್ಷಮಾ ಮಾಡ್ರಿ.”

“ಇರ್ಲಿ ಬಿಡಪಾ,” ಎಂದು ದೊಡ್ಡ ಮನಸ್ಸಿನವನಂತೆ ನಾನು ಅವನನ್ನು ಕ್ಷಮಿಸಿ ಕಳಿಸಿದೆ.