ಸರ್ವರ್ ಪಕ್ಕದ ಊಟ

ಪುಣೆಯ ಮಾರ್ಕೆಟ್ ಯಾರ್ಡ್‌ನ ಬೆಲ್ಲದ ಅಂಗಡಿಗೆ ಕಂಪ್ಯೂಟರ್ ಕೆಲಸಕ್ಕೆ ಹೋಗಿದ್ದ ನಾನು, ಹಳೆಯ ಇಮೇಲ್ ಸರ್ವರ್ ಬಂದ್ ಮಾಡಲು ಕೈ ಚಾಚಿದೆ. ಹಿರಿಯ ಗುಮಾಸ್ತ ದೇಸಾಯರು ಅಡ್ಡ ನಿಂತರು. ಇಮೇಲ್‌ಗಳೆಲ್ಲ ಆಗಲೇ ಕ್ಲೌಡ್ ಸೇರಿದ್ದವು. ಒಂದೂ ಕಳೆದಿಲ್ಲವೆಂದು ತೆರೆದು ತೋರಿಸಿದೆ. ಅವರ ಮುಖ ಮಾತ್ರ ಅರಳಲಿಲ್ಲ.

"ಮೇಲ್ ಎಲ್ಲಿಗರೆ ಹೋಗ್ಲಿರೀ. ಈ ಡಬ್ಬಾ ಹೋದ್ರ ಈ ಖೋಲಿ ಎ.ಸಿ.ನೂ ತಗೀತಾರಲ್ಲ!"

ಆಗ ಹೊಳೆಯಿತು. ಸರ್ವರ್ ಬಿಸಿಯಾಗಬಾರದೆಂದು ಹಾಕಿಸಿದ ಆ ಎ.ಸಿ. ಬಿಟ್ಟರೆ ಅಂಗಡಿಯಲ್ಲಿ ಬೇರೆ ಎ.ಸಿ. ಇರಲಿಲ್ಲ. ಬೇಸಿಗೆಯ ಮಧ್ಯಾಹ್ನ ಎಲ್ಲರೂ ರೊಟ್ಟಿ ಬುತ್ತಿ ಬಿಚ್ಚುತ್ತಿದ್ದುದು ಅದರ ಕೆಳಗೇ. ಅಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಬಳಿಯಿಂದ ಮಾಲೀಕರು ಕೂಗಿದರು: "ಎ.ಸಿ. ಎಲ್ಲೂ ಹೋಗೂದಿಲ್ಲ! ನಾ ಎಲ್ಲಿ ಉಣ್ಲಿ ಮತ್ತ?"

ದೇಸಾಯರೇ ನಗುತ್ತ ಸ್ವಿಚ್ ಒತ್ತಿದರು. ಈಗ ಎಲ್ಲಿ ಸರ್ವರ್ ತೆಗೆಯಲು ಹೋದರೂ, ಅದರ ಪಕ್ಕ ಊಟಕ್ಕೆ ಕೂರುವವರು ಯಾರೆಂದು ಮೊದಲು ಕೇಳುತ್ತೇನೆ.