ಗಾಲಿ ಬಿಚ್ಚಬಾರದ ಮನೆ

ಇವತ್ತು ಬೆಳಿಗ್ಗೆ ಸಿಂಗಪುರದ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಕಾರ್ ಪಾರ್ಕಿನಲ್ಲಿ ನಿಂಬೆಹಣ್ಣಿನ ವಾಸನೆ. ಮೈಸೂರಿನ ಯಾರೋ ಹೊಸ ಕಾರಿನ ಚಕ್ರಗಳ ಅಡಿ ಒಂದೊಂದಿಟ್ಟು ಅಪ್ಪಚ್ಚಿ ಮಾಡಿ ಹೋಗಿದ್ದರು. ನನಗೆ ನೆನಪಾದದ್ದು ದೇವರಲ್ಲ, ಗಿರಿಜಾ ಆಂಟಿ.

ಎರಡು ಸಾವಿರದ ದಶಕ. ಸಿಂಗಪುರದಲ್ಲಿ ಎಲ್ಲರೂ ಏನಾದರೊಂದು ಕಟ್ಟುತ್ತಿದ್ದ ಕಾಲ. ನಾನು ಉಬಿ ಎಂಬ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿದ್ದೆ. ನಾವು ಕಟ್ಟುತ್ತಿದ್ದುದು ಮನೆಗಳನ್ನು. ಆದರೆ ಅವಕ್ಕೆ ಗಾಲಿಗಳಿದ್ದವು. ಕೊಂಡವರು ಹೊರದೇಶದ ಕಡಲತಡಿಯ ಒಂದು ಪ್ರವಾಸಿ ಪಾರ್ಕಿನವರು. ಅಲ್ಲಿನ ನಿಯಮ ಹೀಗೆ: ಗಾಲಿ, ಅಚ್ಚು ಎರಡೂ ಇದ್ದರೆ ಅದು ವಾಹನ, ಬಿಚ್ಚಿದರೆ ಮನೆ. ಆ ಜಾಗದಲ್ಲಿ ಮನೆಗೆ ಅನುಮತಿಯಿಲ್ಲ. ಹಾಗಾಗಿ ಒಮ್ಮೆ ನಿಂತರೆ ಜನ್ಮದಲ್ಲಿ ಕದಲದ ಆ ವಸ್ತು ಕೊನೆತನಕ ಗಾಲಿಯ ಮೇಲೇ ಇರಬೇಕು. "ಗಾಲಿ ಬಿಚ್ಚಬಾರದು" ಎಂದು ಕೈಪಿಡಿಯಲ್ಲಿ ಬರೆಯುವುದು ನನ್ನ ಕೆಲಸ. ಆ ಎರಡು ಪದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಎಂಜಿನಿಯರಿಂಗ್ ಓದಿದವನು ಅಷ್ಟಾದರೂ ಯೋಚಿಸಬೇಡವೇ, ನೀವೇ ಹೇಳಿ.

ಆ ಮನೆಗಳ ನಕ್ಷೆ ಬರೆಯುತ್ತಿದ್ದವರು ಬಾಗಲಕೋಟೆಯ ವಿರೂಪಾಕ್ಷಪ್ಪ ಅಂಕಲ್. ಅವರೂ ಹೆಂಡತಿ ಗಿರಿಜಾ ಆಂಟಿಯೂ ಚೋವಾ ಚು ಕಾಂಗ್ ಬಡಾವಣೆಯ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಮನೆಯೊಡತಿ ಅಡುಗೆಮನೆಯಲ್ಲಿ ನೀರು ಕಾಯಿಸಲು ಮಾತ್ರ ಬಿಡುತ್ತಿದ್ದಳು. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕಿದ್ದರೂ ಅಂಕಲ್, "ಮುಂದಿನ ವರ್ಷ ಊರಿಗೇ ಹೋಗೋದಲ್ಲ" ಎಂದು ಫ್ಲ್ಯಾಟಿನ ಮಾತನ್ನು ವರ್ಷವರ್ಷವೂ ಮುಂದೂಡುತ್ತಿದ್ದರು. ಆಂಟಿ ಹಾಕರ್ ಸೆಂಟರಿನ ಊಟದಂಗಡಿಗಳಲ್ಲಿ ಉಂಡು "ಚೆನ್ನಾಗಿದೆ" ಎನ್ನುತ್ತಿದ್ದರು. ಅದು ಹೊಗಳಿಕೆಯಂತೆ ಕೇಳುತ್ತಿರಲಿಲ್ಲ.

ಮೊದಲ ಮನೆ ಹಡಗಿಗೆ ಹೊರಡುವ ಹಿಂದಿನ ದಿನ ಅಂಕಲ್ ಅದನ್ನು ತೋರಿಸಲು ಆಂಟಿಯನ್ನು ಕರೆತಂದರು. ಆಂಟಿ ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿದರು.

"ಇದು ಮನಿಯೋ, ಗಾಡಿಯೋ?"

"ಗಾಲಿ ಇರೋತನಕ ಗಾಡಿ," ಎಂದರು ಅಂಕಲ್.

"ಹಂಗಾದ್ರ ಲಿಂಬಿಹಣ್ಣು ತರಬೇಕಾಗಿತ್ತು. ನಾ ಹಾಲು ತಂದೀನಿ."

ಒಳಗೆ ಹೋಗಿ, ಪರೀಕ್ಷೆಗೆಂದು ಕರೆಂಟು ಕೊಟ್ಟಿದ್ದ ಒಲೆಯ ಮೇಲೆ ಹಾಲಿಟ್ಟೇಬಿಟ್ಟರು.

"ಬ್ಯಾಡ, ನನ್ನ ಕೆಲಸ ಹೋಗ್ತದ," ಎಂದರು ಅಂಕಲ್. ಆಂಟಿ ಹಾಲನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಸೂಪರ್‌ವೈಸರ್ ಟ್ಯಾನ್ ಬಂದರು. "ಆಂಟಿ, ಹಿಯರ್ ಕ್ಯಾನಾಟ್ ಕುಕ್ ಲಾ."

ಆಂಟಿ ನನ್ನತ್ತ ತಿರುಗಿ, "ಅಡಗಿ ಅಲ್ಲ, ಬರೇ ಉಕ್ಕಸೂದು ಅಂತ ಅವರಿಗೆ ಹೇಳಪಾ," ಎಂದರು.

ಒಲೆ ಟೆಸ್ಟ್ ಮಾಡುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಟ್ಯಾನ್ ಕೈಕಟ್ಟಿ ನಿಂತರು. ಹಾಲು ನಿಧಾನವಾಗಿ ಏರಿತು, ಉಕ್ಕಿತು, ಒಲೆಯ ಮೇಲೆಲ್ಲ ಸುರಿದು ಹೊಗೆಯಾಯಿತು.

"ಸ್ಟವ್ ಓಕೆ," ಎಂದರು ಟ್ಯಾನ್. ಉಳಿದ ಹಾಲಿಗೆ ಆಂಟಿ ಸಕ್ಕರೆ ಹಾಕಿ ಕೊಟ್ಟದ್ದನ್ನು ಕುಡಿದು, ಒರೆಸುವ ಬಟ್ಟೆಯನ್ನು ತಾವೇ ತಂದುಕೊಟ್ಟರು.

ಆಂಟಿ ಮಾತ್ರ ಆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಒರೆಸಿದ ಒಲೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದ ಅಂಕಲ್ ಹೇಳಿದರು:

"ಬರೋ ರವಿವಾರ ಫ್ಲ್ಯಾಟ್ ನೋಡಾಕ ಹೋಗೂಣು."

"ಯಾರಿಗೆ?"

"ನಮಗ."

ಆಂಟಿ ಬಟ್ಟೆಯನ್ನು ಮಡಚಿಟ್ಟು ಚಪ್ಪಲಿ ಮೆಟ್ಟಿಕೊಂಡರು.

ಆಮೇಲೆ ವರ್ಕ್‌ಶಾಪ್ ಮುಚ್ಚಿತು. ಅವರಿಬ್ಬರೂ ಚೋವಾ ಚು ಕಾಂಗ್‌ನ ತಮ್ಮ ಫ್ಲ್ಯಾಟಿನಲ್ಲಿ ಇದ್ದಾರೆ. ನಾನು ಬಾಡಿಗೆ ಕಾಂಡೋದಿಂದ ಬಾಡಿಗೆ ಕಾಂಡೋಗೆ ಶಿಫ್ಟ್ ಆಗುತ್ತಲೇ ಇದ್ದೇನೆ. ಕಾರ್ ಪಾರ್ಕಿನಿಂದಲೇ ಆಂಟಿಗೆ ಫೋನ್ ಮಾಡಿದೆ. "ಎದುರಿನ ಬ್ಲಾಕಿನ್ಯಾಗ ಒಂದು ಮನಿ ಮಾರಾಕ ಅದ, ಬಂದು ನೋಡು," ಎಂದರು. ನಾನು ಫೋನ್ ಮಾಡಿದಾಗಲೆಲ್ಲ ಅವರ ಆಸುಪಾಸಿನಲ್ಲಿ ಒಂದು ಮನೆ ಮಾರಾಟಕ್ಕಿರುತ್ತದೆ. "ನೋಡೋಣ ಆಂಟಿ" ಎಂದು ನಾನು ಮಾತು ಬದಲಿಸುತ್ತೇನೆ.

ಇವತ್ತು ಮಾತ್ರ ಮಧ್ಯಾಹ್ನ ಎಂಆರ್‌ಟಿ ರೈಲು ಹಿಡಿದು ಹೋಗಿ ಆ ಮನೆ ನೋಡಿ ಬಂದೆ. ಅಡುಗೆಮನೆಗೆ ಬೆಳಕು ಚೆನ್ನಾಗಿ ಬರುತ್ತದೆ.